ನಮ್ಮೂರಿನ ಗುರುವಾರದ ಪಂದ್ಯ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ತಲೆಯೆತ್ತಿಕೊಂಡು ಹೇಳಬಹುದು. ನಮ್ಮೂರಿನ ಐಸ್ ಹಾಕಿ ತಂಡಕ್ಕೆ ಒಂಬತ್ತು ವರ್ಷಗಳಿಂದ ನಾನೇ ಕಾರ್ಯದರ್ಶಿ. ಆಟಗಾರರ ಬಸ್ಸು, ಊಟ, ಸ್ಕೇಟುಗಳ ರಿಪೇರಿ, ಲೀಗಿನವರ ಕಾಗದಗಳಿಗೆ ಉತ್ತರ, ಎಲ್ಲವೂ ನನ್ನ ತಲೆಯ ಮೇಲೆ. ಈ ವರ್ಷ ಲೀಗಿನವರು ಕಳಿಸಿದ ವೇಳಾಪಟ್ಟಿಗೆ ಓದದೆ ಸಹಿ ಹಾಕಿದವಳು ನಾನು. ಏನೂ ಓದಲಿಲ್ಲ ಅಂತಲ್ಲ. ಆರು ಸಾಲು ಓದಿದೆ, ಏಳನೆಯದನ್ನು ಓದಲಿಲ್ಲ. ನಮ್ಮೂರಿನ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು ಎಂದು ಸಮಾಧಾನ ಹೇಳಲು ಬಂದವರನ್ನೆಲ್ಲ ಬೈದು ಕಳಿಸಿದ್ದೇನೆ. ನನಗೆ ಬೇಕಾಗಿದ್ದದ್ದು ಸಮಾಧಾನವಲ್ಲ.

ನಮ್ಮೂರಿಗೆ ಗುರುವಾರ ಬರುವುದಿಲ್ಲ. ಬುಧವಾರದ ರಾತ್ರಿ ಕಳೆದು ಬೆಟ್ಟದ ಅಂಚಿನಲ್ಲಿ ಸೂರ್ಯ ಕಾಣಿಸಿದನೆಂದರೆ ಅವನು ಶುಕ್ರವಾರದ ಸೂರ್ಯ. ನಮ್ಮಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗಲೇ. ರಾತ್ರಿ ಹೆಪ್ಪು ಹಾಕಿದ ಮೊಸರು ಬೆಳಿಗ್ಗೆ ಹದವಾಗಿ ಕೂತಿರುತ್ತದೆ, ಹುಳಿಯಾಗಿರುವುದಿಲ್ಲ. ಹಸು ಒಂದೇ ರಾತ್ರಿಯ ಹಾಲು ಕೊಡುತ್ತದೆ. ಪೇಪರು ಮಾತ್ರ ಎರಡು ಒಟ್ಟಿಗೆ ಬರುತ್ತವೆ. ಹೊರಗಿನಿಂದ ಸೊಸೆಯಾಗಿ ಬಂದವರು ಮೊದಮೊದಲು ಗುರುವಾರದ ಉಪವಾಸ ತಪ್ಪಿತಲ್ಲ ಎಂದು ಪೇಚಾಡುತ್ತಾರೆ. "ನಮ್ಮೂರಲ್ಲಿ ಆ ಉಪವಾಸ ಬಲು ಸುಲಭ ಕಣಮ್ಮ, ಹಸಿವೇ ಆಗಲ್ಲ" ಎಂದು ಅತ್ತೆಯಂದಿರು ತಮಾಷೆ ಮಾಡುತ್ತಾರೆ. ಬಸ್ ಕಂಡಕ್ಟರ್ ರುದ್ರೇಶನಿಗೆ ಪ್ರತಿ ಗುರುವಾರ ಸೇತುವೆಯಾಚೆಯೇ ಡ್ಯೂಟಿ. ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ಅವನು ಊರು ಬಿಡದ ತನ್ನ ಅವಳಿ ತಮ್ಮನಿಗಿಂತ ಮೂರು ವರ್ಷ ದೊಡ್ಡವನಾಗಿದ್ದಾನೆ. ತಮ್ಮ ಈಗೀಗ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಾನೆ. ಹೊಸ ವರ್ಷದ ಕ್ಯಾಲೆಂಡರು ಬಂದಾಗ ಮನೆಮನೆಯಲ್ಲೂ ಮೈದಾ ಹಿಟ್ಟಿನ ಅಂಟು ಕಾಯಿಸಿ, ಗುರುವಾರದ ಸಾಲಿನ ಮೇಲೆ ಕಂದು ಕಾಗದದ ಪಟ್ಟಿ ಅಂಟಿಸುತ್ತೇವೆ. ಇಲ್ಲದ ದಿನಕ್ಕೆ ಗೋಡೆಯ ಮೇಲೆ ಜಾಗ ಯಾಕೆ ಎನ್ನುವುದು ನಮ್ಮ ವಾದ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಆ ಒಂದು ಸೂರ್ಯೋದಯಕ್ಕೆ ಊರಿನಲ್ಲಿ ಎಲ್ಲರೂ ಕೂತಿರುತ್ತೇವೆ. ನಡೆಯುವಂತಿಲ್ಲ, ಒಲೆಯ ಮೇಲೆ ಪಾತ್ರೆ ಇಡುವಂತಿಲ್ಲ, ಮಗುವನ್ನು ತೂಗುವಂತಿಲ್ಲ. ಹೊಸ್ತಿಲಲ್ಲೋ ಜಗಲಿಯಲ್ಲೋ ಕೈಕಟ್ಟಿ ಕೂತು, ಬಿಸಿಲು ಮುಖಕ್ಕೆ ಬಿದ್ದ ಮೇಲೆ ಎದ್ದು ಕೆಲಸಕ್ಕೆ ಹೋಗುವುದು. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಹೆಜ್ಜೆ ಬುಧವಾರದಲ್ಲಿ ಇನ್ನೊಂದು ಶುಕ್ರವಾರದಲ್ಲಿ ಬಿದ್ದರೆ ನಡುವಿನ ಮನುಷ್ಯನ ಗತಿಯೇನು ಎನ್ನುವುದು ಎಲ್ಲರ ಮಾತಿನ ಸಾರ. ನಮ್ಮ ಕಾಲದಲ್ಲಿ ಮೀರಿ ನೋಡಿದವರು ಯಾರೂ ಇರಲಿಲ್ಲ, ನಾನೂ ಮೀರಿರಲಿಲ್ಲ.

ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ಅಳತೆಗೆ ಬಂದವರೆಲ್ಲ ಯಾಕೋ ಗುರುವಾರವೇ ಬಂದರೆಂದು ಕಾಣುತ್ತದೆ. ಸೇತುವೆ ದಾಟಿ ಬೋಳು ಗುಡ್ಡವನ್ನು ಕಂಡು, ಹಾಗೇ ಬರೆದುಕೊಂಡು ಹೋಗಿದ್ದಾರೆ. ಆದರೆ ಹೊರಗಿನ ಪೇಪರುಗಳ ಆಟದ ಪುಟದಲ್ಲಿ ಲೀಗಿನ ಅಂಕಪಟ್ಟಿ ಬರುತ್ತದಲ್ಲ, ಅದರಲ್ಲಿ ನಮ್ಮೂರಿನ ಹೆಸರು ಇದೆ. ಅಚ್ಚಿನಲ್ಲಿ ನಾವಿರುವುದು ಅದೊಂದೇ ಕಡೆ. ಬೇರೆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುವವರು ಅಂಥ ಊರೇ ಇಲ್ಲ ಎಂದರೆ ನಮ್ಮವರು ಜೇಬಿನಿಂದ ಆಟದ ಪುಟ ತೆಗೆದು ತೋರಿಸುತ್ತಾರೆ. ಕಾಗದಗಳು ಬರುವುದೂ ಹಾಗೆಯೇ. 'ಉತ್ತರ ಗುಂಪು, ನಾಲ್ಕನೆಯ ಸ್ಥಾನ' ಎಂದು ಬರೆದರೆ ನಮಗೆ ತಲುಪುತ್ತದೆ. ಒಂದು ವರ್ಷ ನಾವು ಐದನೆಯ ಸ್ಥಾನಕ್ಕೆ ಇಳಿದಾಗ, ನಮ್ಮೂರೊಳಗಿನವರಿಗೇ ಟಪಾಲಿನಲ್ಲಿ ಕಳಿಸಿದ್ದ ಮೂರು ಮದುವೆ ಕರೆಯೋಲೆಗಳು ನಾಲ್ಕನೆಯವರ ಊರಿಗೆ ಹೋಗಿ, ಅವರು ಉಡುಗೊರೆ ಹಿಡಿದುಕೊಂಡು ಬಂದೇ ಬಿಟ್ಟಿದ್ದರು. ಊಟ ಹಾಕಿ ಕಳಿಸಿದೆವು.

ಈ ವರ್ಷ ಲೀಗಿನವರು ಗುಂಪುಗಳನ್ನೆಲ್ಲ ಕಲಸಿ ಹೊಸದಾಗಿ ಹಂಚಿದರು. ಕರಾವಳಿಯಲ್ಲಿ, ಬಯಲಿನ ಪೇಟೆಗಳಲ್ಲಿ ಮಾಲುಗಳೊಳಗೆ ಯಂತ್ರ ಇಟ್ಟು ಮಂಜುಗಡ್ಡೆ ಮಾಡುವ ಹೊಸ ತಂಡಗಳು ಬಂದಿದ್ದವು. ಅವರಿಗೆ ಜಾಗ ಮಾಡಲು ನಮ್ಮನ್ನು ಉತ್ತರ ಗುಂಪಿನಿಂದ ಎತ್ತಿ ಮಧ್ಯ ಗುಂಪಿಗೆ ಹಾಕಿದರು. ಉತ್ತರ ಗುಂಪಿನ ಪಂದ್ಯಗಳು ಶನಿವಾರ, ಭಾನುವಾರ. ಮಧ್ಯ ಗುಂಪಿನಲ್ಲಿ ನಮ್ಮ ಊರಿನಲ್ಲೇ ಆಡುವ ಪಂದ್ಯಗಳಿಗೆ ಟಿ.ವಿ.ಯವರು ಬಿಟ್ಟುಕೊಟ್ಟ ದಿನ ಗುರುವಾರ. ವೇಳಾಪಟ್ಟಿ ನನ್ನ ಮೇಜಿಗೆ ಬಂದ ದಿನ ಪಕ್ಕದಲ್ಲೇ ಅಂಟಿನ ಬಟ್ಟಲಿತ್ತು, ಆಫೀಸಿನ ಕ್ಯಾಲೆಂಡರಿಗೆ ಅಂಟಿಸಿ ಉಳಿದಿದ್ದ ಕಂದು ಪಟ್ಟಿಯೂ ಇತ್ತು. ಕೈ ತನ್ನಷ್ಟಕ್ಕೆ ತಾನೇ 'ಗುರುವಾರ' ಎಂದಿದ್ದ ಏಳನೆಯ ಸಾಲನ್ನು ಮುಚ್ಚಿತು. ಆಮೇಲೆ ನೋಡಿದರೆ ಕಾಣುತ್ತಿದ್ದದ್ದೆಲ್ಲ ಹೊರಗಿನ ಪಂದ್ಯಗಳು. ಊರಿನ ಪಂದ್ಯಗಳ ಪಟ್ಟಿ ಬೇರೆ ಬರುತ್ತದೇನೋ ಎಂದುಕೊಂಡು ಸಹಿ ಹಾಕಿ ಟಪಾಲಿಗೆ ಕೊಟ್ಟೆ.

ಗೊತ್ತಾಗಿದ್ದು ಒಂದು ಶುಕ್ರವಾರದ ಬೆಳಿಗ್ಗೆ, ಎರಡು ಪೇಪರು ಒಟ್ಟಿಗೆ ಬಂದಾಗ. ಗುರುವಾರದ ಪೇಪರಿನಲ್ಲಿ 'ಇಂದಿನ ಪಂದ್ಯ' ಎಂದು ನಮ್ಮೂರಿನ ಹೆಸರು. ಶುಕ್ರವಾರದ್ದರಲ್ಲಿ 'ಆತಿಥೇಯರು ಗೈರುಹಾಜರು, ಎದುರಾಳಿಗೆ ಎರಡು ಅಂಕ'. ಜೊತೆಗೆ ಒಂದು ಫೋಟೊ: ಸೇತುವೆಯ ಮೇಲೆ ಸ್ಕೇಟುಗಳನ್ನು ಹೆಗಲಿಗೆ ಹಾಕಿಕೊಂಡು ನಿಂತ ಆಟಗಾರರು, ಹಿಂದೆ ಬೋಳು ಗುಡ್ಡ. ನಾನು ಆಫೀಸಿಗೆ ಓಡಿದೆ. ನನ್ನ ಬಳಿ ಉಳಿದಿದ್ದ ಪ್ರತಿಯನ್ನು ಕುದಿಯುವ ನೀರಿನ ಹಬೆಗೆ ಹಿಡಿದು ಪಟ್ಟಿ ಕಿತ್ತೆ. ಅಡಿಯಲ್ಲಿ ಹದಿನಾಲ್ಕು ಪಂದ್ಯಗಳು ಸಾಲಾಗಿ ಕೂತಿದ್ದವು. ಆವತ್ತು ಆದಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ತಂಡದ ನಾಯಕ ಚಲುವರಾಜನಿಗೆ ಮೂವತ್ತಾರು ವರ್ಷ. ನನ್ನನ್ನು ಅಕ್ಕ ಎನ್ನುತ್ತಾನೆ. ಅವನ ಕೈಗೆ ವೇಳಾಪಟ್ಟಿಯ ಜೊತೆ ನನ್ನ ರಾಜೀನಾಮೆಯನ್ನೂ ಇಟ್ಟೆ. ಅವನು ವೇಳಾಪಟ್ಟಿಯನ್ನು ಎರಡು ಸಲ ಓದಿದ, ರಾಜೀನಾಮೆಯನ್ನು ಮಡಚಿ ಅಲ್ಲಾಡುತ್ತಿದ್ದ ಬೆಂಚಿನ ಕಾಲಿನ ಕೆಳಗೆ ಒತ್ತಿದ. "ನೀನು ಬಿಟ್ಟೋದ್ರೆ ಪಾಯಿಂಟು ವಾಪಸ್ ಬರುತ್ತಾ ಅಕ್ಕ? ಕೂತ್ಕೊಂಡು ಕಾಗ್ದ ಬರಿ" ಎಂದ. ಬರೆದೆ. ಒಂದಲ್ಲ, ನಾಲ್ಕು ಬರೆದೆ. ದಿನ ಬದಲಿಸಿ, ಇಲ್ಲವೇ ನಮ್ಮನ್ನು ಹಳೆಯ ಗುಂಪಿಗೆ ಹಾಕಿ ಎಂದು ಕೇಳಿದೆ. ಉತ್ತರ ಬರುವಷ್ಟರಲ್ಲಿ ಎರಡನೆಯ ಗುರುವಾರವೂ ಹೋಗಿತ್ತು, ಎರಡನೆಯ ಗೈರುಹಾಜರಿ ಬಿದ್ದಿತ್ತು. ಉತ್ತರಕ್ಕೆ ಸಹಿ ಹಾಕಿದ್ದವರು ಲೀಗಿನ ವೇಳಾಪಟ್ಟಿ ಅಧಿಕಾರಿ ಶ್ರೀಪತಿ. 'ಮೂವತ್ತು ತಂಡಗಳ ಪಟ್ಟಿ ಅಂತಿಮವಾಗಿದೆ. ತಮ್ಮ ಸಹಿಯೂ ಇದೆ. ಮೂರು ಗೈರುಹಾಜರಿಯಾದರೆ ನಿಯಮದಂತೆ ತಂಡದ ಹೆಸರನ್ನು ಅಂಕಪಟ್ಟಿಯಿಂದ ತೆಗೆಯಲಾಗುವುದು. ಖುದ್ದಾಗಿ ಮಾತಾಡಲು ಬುಧವಾರ ಬರುತ್ತೇನೆ.' ಮೂರನೆಯ ಪಂದ್ಯಕ್ಕೆ ಉಳಿದಿದ್ದದ್ದು ಆರು ದಿನ. ನಮ್ಮ ಲೆಕ್ಕದಲ್ಲಿ ಐದು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಊರನ್ನು ಹೊರಗಿನ ಜಗತ್ತಿಗೆ ತೋರಿಸುವುದು ಅದೊಂದೇ ಸಾಲು, ಅದನ್ನು ಅಳಿಸಿದ್ದು ನನ್ನದೇ ಕೈ. ಬೆಳಿಗ್ಗೆ ಸಿಟ್ಟು ಬಂತು. ಮೊದಲು ನನ್ನ ಮೇಲೆ, ಆಮೇಲೆ ಆ ಮೂವತ್ತು ತಂಡಗಳ ಮೇಲೆ, ಕೊನೆಗೆ ಯಾರನ್ನೂ ಕೇಳದೆ ನಮ್ಮನ್ನು ಎತ್ತಿ ಇನ್ನೊಂದು ಗುಂಪಿಗೆ ಹಾಕಿದವರ ಮೇಲೆ. ಅಲಮಾರಿನಿಂದ ಲೀಗಿನ ನಿಯಮಗಳ ಪುಸ್ತಕ ಇಳಿಸಿ ಮೊದಲ ಪುಟದಿಂದ ಓದಿದೆ. ನಲವತ್ತನೆಯ ಪುಟದಲ್ಲಿ, ಕೆರೆಯ ಮಂಜುಗಡ್ಡೆಯ ಮೇಲೆ ಆಡುವ ತಂಡಗಳು ಪಂದ್ಯದ ವೇಳೆಯನ್ನು ತಾವೇ ಗೊತ್ತುಮಾಡಬಹುದು ಎಂದಿತ್ತು. ಅದು ಹಳೆಯದು, ನನಗೆ ಗೊತ್ತಿದ್ದದ್ದೇ. ಐವತ್ತೆರಡನೆಯ ಪುಟದ್ದು ಗೊತ್ತಿರಲಿಲ್ಲ. ಹಿಮಪಾತದಿಂದಲೋ ಬೇರೆ ಕಾರಣದಿಂದಲೋ ಪಂದ್ಯ ಒಂದು ದಿನದಿಂದ ಇನ್ನೊಂದಕ್ಕೆ ಹರಿದರೆ, ಆಟದ ಯಾವುದೇ ಭಾಗ ನಿಗದಿಯಾದ ದಿನದಲ್ಲಿ ನಡೆದಿದ್ದರೂ ಪಂದ್ಯ ಆ ದಿನದ್ದೆಂದೇ ಲೆಕ್ಕ. ಇದನ್ನು ಚಲುವರಾಜನಿಗೆ ಓದಿ ಹೇಳಿದೆ. ಅವನು ಸ್ಕೇಟಿನ ಅಲಗು ಮಸೆಯುತ್ತಿದ್ದವನು ಕೈ ನಿಲ್ಲಿಸಿದ. "ಅಕ್ಕ, ಬುಧವಾರ ಶುರು ಮಾಡಿ, ನಿಲ್ಲಿಸ್ದೇ ಇದ್ರೆ?" ಎಂದ. ಬೆಳಗಿನ ಜಾವ ಶುರು ಮಾಡಿ ಸೂರ್ಯೋದಯದ ಆಚೆಗೂ ಆಡುತ್ತಲೇ ಇರುವುದು ಅವನ ಲೆಕ್ಕ.

ಆ ಗುರುವಾರ ಬರಬೇಕಾಗಿದ್ದದ್ದು ಕರಾವಳಿಯ ಹೊಸ ತಂಡ. ಅವರ ನಾಯಕ ಇಮ್ತಿಯಾಜ್‌ಗೆ ಫೋನು ಮಾಡಿ, ಗುರುವಾರದ ಬದಲು ಬುಧವಾರ ಸಂಜೆಯೇ ಬನ್ನಿ, ಬೆಳಗಿನ ಜಾವ ಆಡೋಣ ಎಂದೆ. ಬಂದರೆ ನಿಮ್ಮ ಬದುಕಿನಲ್ಲಿ ಒಂದು ಗುರುವಾರ ಕಡಿಮೆಯಾಗುತ್ತದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಸೇತುವೆಯ ಮೇಲೆ ನಿಂತು ಹೋದರೆ ಆಡದೆಯೇ ಎರಡು ಅಂಕ ಸಿಗುತ್ತದೆ ಎನ್ನುವುದು ಅವನಿಗೂ ಗೊತ್ತಿತ್ತು. "ಮೇಡಂ, ನಾನು ಹುಟ್ಟಿದಾಗಿನಿಂದ ಮಾಲೊಳಗೇ ಆಡಿರೋದು. ಕೆರೆ ಮೇಲೆ ಒಂದ್ಸಲಾನೂ ಆಡಿಲ್ಲ" ಎಂದ. ಆಮೇಲೆ, "ಸೇತುವೆ ಮೇಲೆ ನಿಂತು ಗೆದ್ದೆ ಅಂತ ಮನೇಲಿ ಹೇಗೆ ಹೇಳ್ಲಿ? ಬರ್ತೀವಿ. ರೆಫ್ರಿಗಳನ್ನೂ ನಮ್ಮ ಬಸ್ಸಲ್ಲೇ ಕರ್ಕೊಂಡು ಬರ್ತೀವಿ" ಎಂದ. ಆ ಹುಡುಗನ ಮೇಲೆ ಅಂದೇ ನನಗೆ ಪ್ರೀತಿ ಹುಟ್ಟಿತು.

ಕಷ್ಟವಾದದ್ದು ನಮ್ಮವರನ್ನು ಒಪ್ಪಿಸುವುದು. ಕೆರೆಯ ಮಂಜುಗಡ್ಡೆಯನ್ನು ನೋಡಿಕೊಳ್ಳುವವಳು ಬೋರಮ್ಮ. ಪ್ರತಿ ಸಂಜೆ ಬಿಸಿನೀರು ಸುರಿದು, ಗೋಣಿಚೀಲ ಎಳೆದು, ಅದನ್ನು ನಯ ಮಾಡುವವಳು ಅವಳೇ. ಅವಳು ಒಲ್ಲೆನೆಂದರೆ ಆಟವೇ ಇಲ್ಲ. ಅವಳು ಒಲ್ಲೆನೆಂದಳು. "ಆ ಹೊತ್ನಲ್ಲಿ ಓಡಾಡೋದಾ? ನಮ್ಮಜ್ಜಿ ಕಾಲ್ದಲ್ಲಿ ಒಬ್ಬ ನಡ್ಕೊಂಡು ಹೋಗಿದ್ನಂತೆ. ಶುಕ್ರವಾರ ನೋಡಿದ್ರೆ ಒಂದು ಚಪ್ಲಿ ಐತೆ, ಇನ್ನೊಂದು ಇಲ್ಲ. ಇವತ್ತಿಗೂ ಸಿಕ್ಕಿಲ್ಲ." ಮನುಷ್ಯ ಏನಾದ ಎಂದು ಕೇಳಿದೆ. "ಮನ್ಸ ಇದ್ದ, ಅವನಿಗೇನಾಯ್ತದೆ? ಎಪ್ಪತ್ತು ವರ್ಷ ಬದುಕ್ದ. ಆದ್ರೂ ಚಪ್ಲಿ ಎಲ್ಲೋಯ್ತು?" ನಾನು ಅಂಕಪಟ್ಟಿಯ ಪುಟವನ್ನು ಅವಳ ಮುಂದೆ ಹರಡಿ, ಮುಂದಿನ ವಾರ ಈ ಸಾಲು ಇರುವುದಿಲ್ಲ ಎಂದೆ. ಬೋರಮ್ಮನಿಗೆ ಓದಲು ಬರುವುದಿಲ್ಲ, ಆದರೆ ನಮ್ಮ ಸಾಲು ಎಲ್ಲಿದೆ ಎಂದು ಅವಳ ಬೆರಳಿಗೆ ಗೊತ್ತು. ಅದರ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು: "ಇದು ಹೋದ್ರೆ ನಮ್ ತಂಗಿ ಕಾಗ್ದ ಎಲ್ಲಿಗೆ ಬತ್ತದೆ?" ಅವಳು ಎದ್ದು ಬಿಸಿನೀರಿನ ಹಂಡೆಗೆ ಬೆಂಕಿ ಹಾಕಿದಳು. "ಚಪ್ಲಿ ತಾನೇ ಹೋಗೋದು. ಹೋಗ್ಲಿ ಬಿಡು" ಎಂದಳು.

ಬುಧವಾರ ಮಧ್ಯಾಹ್ನ ಶ್ರೀಪತಿ ಬಂದರು. ಐವತ್ತರ ಆಸುಪಾಸು, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕಡತ. ಕೆಟ್ಟ ಮನುಷ್ಯರೇನಲ್ಲ. ಮೂವತ್ತು ತಂಡಗಳನ್ನು ಏಳು ದಿನಗಳಲ್ಲಿ ಒಂದಕ್ಕೊಂದು ತಾಗದಂತೆ ಕೂರಿಸಲು ತಾವು ಪಟ್ಟ ಪಾಡನ್ನು ಕಾಫಿ ಕುಡಿಯುತ್ತಾ ವಿವರಿಸಿದರು. ಒಂದು ತಂಡವನ್ನು ಅಲುಗಿಸಿದರೆ ಉಳಿದ ಇಪ್ಪತ್ತೊಂಬತ್ತೂ ಅಲುಗುತ್ತವಂತೆ. "ನಿಮಗೊಂದು ದಾರಿ ತಂದಿದ್ದೀನಿ" ಎಂದು ಕಡತದಿಂದ ಒಂದು ಕಾಗದ ತೆಗೆದರು. ನಮ್ಮ ಊರಿನ ಪಂದ್ಯಗಳನ್ನೆಲ್ಲ ಬಯಲಿನ ಪೇಟೆಯ ಮಾಲಿನಲ್ಲಿ ಆಡುವುದು. ತಂಡ ಉಳಿಯುತ್ತದೆ, ಆಟಗಾರರ ಸಂಬಳ ಉಳಿಯುತ್ತದೆ. ಹೆಸರು ಮಾತ್ರ ಆ ಪೇಟೆಯದು. ಚಲುವರಾಜ ಕಾಗದವನ್ನು ಮುಟ್ಟಲೂ ಇಲ್ಲ. "ನಮ್ಮನೆ ಹಬ್ಬಾನ ಇನ್ನೊಬ್ರ ಮನೇಲಿ, ಇನ್ನೊಬ್ರ ಹೆಸ್ರಲ್ಲಿ ಮಾಡ್ಬೇಕಾ ಸಾರ್?" ಎಂದ. "ನೋಡಿ, ನಿಮ್ಮೂರಲ್ಲಿ ಗುರುವಾರ ಇಲ್ಲ ಅನ್ನೋದನ್ನ ನಾನು ಕಡತದಲ್ಲಿ ಬರೆಯೋಕಾಗಲ್ಲ. ಎಲ್ಲರಿಗೂ ಇರೋ ದಿನ ನಿಮಗೂ ಇರಲೇಬೇಕು" ಎಂದರು ಶ್ರೀಪತಿ. ಅವರು ನಮ್ಮನ್ನು ನಂಬಿರಲಿಲ್ಲ. ಸೋಮಾರಿಗಳ ಸಬೂಬು ಎಂದುಕೊಂಡಿದ್ದರು.

"ಹಾಗಾದ್ರೆ ಇವತ್ತು ರಾತ್ರಿ ಇಲ್ಲೇ ಉಳ್ಕೊಳ್ಳಿ" ಎಂದೆ. "ನಾಳೆ ಪಂದ್ಯ ಇದೆಯಲ್ಲ, ನೋಡ್ಕೊಂಡು ಹೋಗಿ. ವೇಳೆ ಬೆಳಿಗ್ಗೆ ಐದೂಮುಕ್ಕಾಲು. ಕೆರೆ ಮೇಲೆ ಆಡೋರಿಗೆ ವೇಳೆ ಇಡೋ ಹಕ್ಕಿದೆ, ನಲವತ್ತನೇ ಪುಟ." ಅವರು ಅನುಮಾನದಿಂದ ನೋಡಿದರು. ಅಷ್ಟರಲ್ಲಿ ಕರಾವಳಿಯವರ ಬಸ್ಸು ಸೇತುವೆ ದಾಟಿ ಬಂದ ಶಬ್ದ ಕೇಳಿಸಿತು. ಅದರಿಂದ ಇಬ್ಬರು ರೆಫ್ರಿಗಳೂ ಇಳಿದದ್ದನ್ನು ಕಿಟಕಿಯಿಂದ ಕಂಡ ಮೇಲೆ ಶ್ರೀಪತಿ ಹಿಂದಿರುಗುವ ಮಾತೆತ್ತಲಿಲ್ಲ. "ಇರ್ತೀನಿ, ಸಾಕ್ಷಿಗೆ" ಎಂದರು. ನಮ್ಮ ಮನೆಯಲ್ಲೇ ಮಲಗಿದರು. ರಾಗಿಮುದ್ದೆ ಉಣ್ಣಲು ಬರುವುದಿಲ್ಲ ಎಂದವರು ಎರಡು ಮುದ್ದೆ ಉಂಡರು.

ಬೆಳಗಿನ ಜಾವ ಕೆರೆಯ ದಂಡೆಗೆ ಹೋದಾಗ ನಾನು ಹೆಚ್ಚೆಂದರೆ ಐವತ್ತು ಜನ ಬಂದಾರು ಎಂದುಕೊಂಡಿದ್ದೆ. ಇಡೀ ಊರೇ ಬಂದಿತ್ತು. ಜಗಲಿ ಬಿಟ್ಟು, ಕಂಬಳಿ ಹೊದ್ದು, ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಆ ಹೊತ್ತಿನಲ್ಲಿ ನಮ್ಮೂರಿನವರು ನಿಂತಿರುವುದನ್ನು ನಾನು ಮೊದಲ ಸಲ ನೋಡಿದೆ. ದೀಪದ ಕಂಬಗಳ ಬೆಳಕಿನಲ್ಲಿ ಬೋರಮ್ಮನ ಮಂಜುಗಡ್ಡೆ ತಟ್ಟೆಯಷ್ಟು ನುಣ್ಣಗೆ ಹೊಳೆಯುತ್ತಿತ್ತು. ರೆಫ್ರಿ ಆಟದ ರಬ್ಬರು ಬಿಲ್ಲೆ 'ಪಕ್' ಅನ್ನು ಕೆಳಗೆ ಬಿಟ್ಟ. ಮೊದಲ ಇಪ್ಪತ್ತು ನಿಮಿಷದಲ್ಲಿ ನಾವು ಎರಡು ಗೋಲು ಹೊಡೆದೆವು, ಅವರು ಒಂದು. ಮಾಲಿನ ಹುಡುಗರಿಗೆ ಕೆರೆ ಹೊಸದು, ಎರಡು ಹೆಜ್ಜೆಗೊಮ್ಮೆ ಜಾರುತ್ತಿದ್ದರು. ವಿರಾಮದ ನಂತರ ಅವರ ಕಾಲಿಗೆ ಹಿಡಿತ ಸಿಕ್ಕಿತು. ಎರಡನೆಯ ಭಾಗ ಶುರುವಾದ ಆರನೆಯ ನಿಮಿಷಕ್ಕೆ ಎರಡು-ಎರಡು ಆಯಿತು. ಪೂರ್ವದ ಬೆಟ್ಟದ ಅಂಚು ಬಿಳುಪೇರುತ್ತಿತ್ತು. ಅಭ್ಯಾಸ ಯಾರನ್ನು ಬಿಡುತ್ತದೆ, ದಂಡೆಯ ಮೇಲೆ ಕೆಲವರು ತಮಗೇ ತಿಳಿಯದಂತೆ ಕುಕ್ಕುರುಗಾಲಿನಲ್ಲಿ ಕೂರತೊಡಗಿದರು. "ಯಾರೂ ಕೂರ್ಬೇಡ್ರಿ" ಎಂದು ಬೋರಮ್ಮ ಗದರಿದಳು. ಎಲ್ಲರೂ ಮತ್ತೆ ಎದ್ದು ನಿಂತರು.

ಇಮ್ತಿಯಾಜ್ ನಮ್ಮ ಆಟಗಾರರಿಬ್ಬರನ್ನು ದಾಟಿ ನುಗ್ಗಿದ. ಚಲುವರಾಜ ಅವನನ್ನು ತಡೆಯಲು ಅಡ್ಡ ಬಂದ. ಇಮ್ತಿಯಾಜ್ ದೂರದಿಂದಲೇ ಕೋಲು ಬೀಸಿದ. ಕೋಲು ಪಕ್‌ಗೆ ತಾಗಿದ ಶಬ್ದ ಕೇಳಿಸಿತು, ಪಕ್ ಎದ್ದದ್ದು ಕಾಣಿಸಿತು, ಸೂರ್ಯ ಬಂದ. ಏನಾಯಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಏನೂ ಆಗಲಿಲ್ಲ. ಎಂದಿನಂತೆ ಕಣ್ಣಿಗೆ ಬಿಸಿಲು ಬಿತ್ತು, ಅಷ್ಟೇ. ಆಟಗಾರರು ಓಡುತ್ತಿದ್ದವರು ಓಡುತ್ತಲೇ ಇದ್ದರು. ಯಾರ ಕಾಲೂ ಯಾರ ಚಪ್ಪಲಿಯೂ ಎಲ್ಲಿಗೂ ಹೋಗಲಿಲ್ಲ. ಪಕ್ ನಮ್ಮ ಗೋಲಿನ ಬಲೆಗೆ ಬಿದ್ದು ಒಳಗೆ ಒಂದು ಸುತ್ತು ಹೊಡೆದು ನಿಂತಿತು.

ಚಲುವರಾಜ ಕೂಡಲೇ ಕೈಯೆತ್ತಿದ. "ಇದು ಗೋಲಲ್ಲ. ಹೊಡ್ದಿದ್ದು ಬುಧವಾರ, ಬಿದ್ದಿದ್ದು ಶುಕ್ರವಾರ. ಎರಡು ದಿನದ ಗೋಲು ಯಾವ ಪುಸ್ತಕದಲ್ಲಿದೆ ತೋರ್ಸಿ" ಎಂದು ವಾದಕ್ಕೆ ನಿಂತ. ದಂಡೆಯ ಮೇಲಿನವರೆಲ್ಲ ಅವನ ಕಡೆಗೆ. ನಾನೂ ಕೂಗಿದೆ, ಸುಳ್ಳು ಯಾಕೆ ಹೇಳಲಿ. ರೆಫ್ರಿ ತಲೆ ಕೆರೆದುಕೊಂಡು, ಗೋಲನ್ನು ತಡೆಹಿಡಿದಿದ್ದೇನೆ, ಪಂದ್ಯ ಮುಗಿದ ಮೇಲೆ ಲೀಗಿನ ಅಧಿಕಾರಿಗಳೇ ತೀರ್ಮಾನಿಸಲಿ ಎಂದ. ಆಟ ಮುಂದುವರಿಯಿತು. ಉಳಿದ ಅಷ್ಟೂ ಹೊತ್ತು ಎರಡೂ ಕಡೆಯವರು ಬಿದ್ದು ಎದ್ದು ಆಡಿದರು. ನಮ್ಮವರ ಒಂದು ಹೊಡೆತ ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಯಾರಿಗೂ ಇನ್ನೊಂದು ಗೋಲು ದಕ್ಕಲಿಲ್ಲ. ಎರಡು-ಎರಡು, ಜೊತೆಗೆ ತಡೆಹಿಡಿದ ಒಂದು.

ಪಂದ್ಯ ಮುಗಿದಾಗ ಶ್ರೀಪತಿ ಮೊಬೈಲು ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಮುಖ ಬಾಡಿತ್ತು. ಸೂರ್ಯ ಹುಟ್ಟುವ ತನಕ ಬುಧವಾರ ತೋರಿಸಿದ್ದ ಮೊಬೈಲಿನಲ್ಲಿ ಈಗ ಶುಕ್ರವಾರ ಎಂದಿತ್ತು, ತೆಗೆಯದ ಕರೆಗಳು ಅರವತ್ತಕ್ಕೂ ಹೆಚ್ಚು ಇದ್ದವು. "ನನ್ನ ಗುರುವಾರ ಎಲ್ಲಿ ಹೋಯ್ತು?" ಎಂದು ಮೆಲ್ಲಗೆ ಕೇಳಿದರು. "ಹೋಯ್ತು ಸಾರ್. ನಮಗೆ ಪ್ರತಿ ವಾರ ಹೋಗುತ್ತೆ" ಎಂದೆ. ಅವರು ಮೊಬೈಲನ್ನು ಜೇಬಿಗೆ ಹಾಕಿದರು. ಆಮೇಲೆ ಕಡತ ಬಿಚ್ಚಿ ಪಂದ್ಯದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅಧಿಕಾರಿ ಅಧಿಕಾರಿಯೇ. ನಾನು ಐವತ್ತೆರಡನೆಯ ಪುಟ ತೆರೆದು ಅವರ ಮುಂದೆ ಹಿಡಿದೆ. ಓದಿದರು. "ಸರಿ, ಯಾವುದೇ ಭಾಗ ಆ ದಿನ ನಡೆದಿರಬೇಕು. ಒಪ್ತೀನಿ. ಆದರೆ ಸೂರ್ಯ ಹುಟ್ಟೋ ತನಕ ಬುಧವಾರ, ಹುಟ್ಟಿದ ಮೇಲೆ ಶುಕ್ರವಾರ. ಗುರುವಾರ ಈ ಕೆರೆ ಮೇಲೆ ಏನು ನಡೀತು? ಒಂದೇ ಒಂದು ಸಂಗತಿ ತೋರಿಸಿ ಮೇಡಂ, ಬರ್ಕೋತೀನಿ."

ನನ್ನ ಬಳಿ ಉತ್ತರ ಇತ್ತು. ಬಾಯಿಗೆ ಬಂದೂ ಆಗಿತ್ತು. ಆದರೆ ಅದನ್ನು ಹೇಳುವ ಹಕ್ಕು ನನ್ನದಲ್ಲ ಅನ್ನಿಸಿ ಚಲುವರಾಜನ ಮುಖ ನೋಡಿದೆ. ಅವನು ತುಟಿ ಒಡೆದುಕೊಂಡು, ಬೆವರಿನಲ್ಲಿ ತೊಯ್ದು, ಸ್ಕೇಟು ಬಿಚ್ಚದೆ ನಿಂತಿದ್ದ. ಈ ಸೀಸನ್ನಿನಲ್ಲಿ ಊರಿನ ಕೆರೆಯ ಮೇಲೆ ನಾವು ಆಡಿದ ಮೊದಲ ಪಂದ್ಯ ಅದು. ಸರಿಸಮ ಮಾಡಿಕೊಂಡಿದ್ದೇವೆ, ಒಂದು ಅಂಕ ಸಿಕ್ಕಿದೆ ಎಂದು ಹುಡುಗರು ಅವನ ಹಿಂದೆ ಆಗಲೇ ನಗುತ್ತಿದ್ದರು. ಅವನಿಗೂ ಹೊಳೆಯಿತು ಎಂದು ಕಾಣುತ್ತದೆ. ಒಮ್ಮೆ ಇಮ್ತಿಯಾಜ್‌ನನ್ನು ನೋಡಿದ, ಒಮ್ಮೆ ದಂಡೆಯ ಮೇಲೆ ನಿಂತ ಊರನ್ನು ನೋಡಿದ.

"ಆ ಗೋಲು ಬರ್ಕೊಳ್ಳಿ ಸಾರ್" ಎಂದ. "ನೀವೇ ಅದು ಗೋಲಲ್ಲ ಅಂದ್ರಿ" ಎಂದರು ಶ್ರೀಪತಿ. "ಅಂದೆ. ತಪ್ಪಾಯ್ತು. ಅದು ಗೋಲೇ. ಇವ್ರ ಕೋಲು ಬಿಟ್ಟಿದ್ದು ಬುಧವಾರ, ನಮ್ ಬಲೆಗೆ ಬಂದಿದ್ದು ಶುಕ್ರವಾರ. ನಡುವೆ ಅದು ಗಾಳೀಲಿತ್ತಲ್ಲ ಸಾರ್, ಅದು ಯಾವ ದಿನದ ಗಾಳಿ?" ಶ್ರೀಪತಿ ಪೆನ್ನಿನ ಮುಚ್ಚಳ ತೆಗೆದರು. ಹುಡುಗರ ನಗು ನಿಂತಿತು. "ಬರೆದರೆ ನೀವು ಸೋತ ಹಾಗೆ" ಎಂದು ಅವರು ಮೆತ್ತಗೆ ಎಚ್ಚರಿಸಿದರು. "ಬರೀದಿದ್ರೆ ಇಲ್ಲದ ಹಾಗೆ" ಎಂದ ಚಲುವರಾಜ. "ಸೋತೋರ ಹೆಸ್ರೂ ಪಟ್ಟೀಲಿ ಇರುತ್ತೆ. ಬರೀರಿ."

ನಮ್ಮ ಹುಡುಗರಲ್ಲಿ ಒಬ್ಬ ಬಿಕ್ಕಿದ. ನನಗೂ ಅಳು ಬಂತು, ಅದು ದುಃಖದ್ದಲ್ಲ. ಶ್ರೀಪತಿ ಹಾಳೆಯ ಮೇಲೆ ಬಗ್ಗಿ, ಅಕ್ಷರ ಅಕ್ಷರ ಬಿಡಿಸಿ ಬರೆದರು: ಗುರುವಾರ, ಕರಾವಳಿ ತಂಡದ ನಾಯಕರಿಂದ ಮೂರನೆಯ ಗೋಲು. ಕೆಳಗೆ ನಮ್ಮೂರಿನ ಹೆಸರು, ಎದುರಿಗೆ 'ಸೋಲು'. ಅವರು ಬರೆದದ್ದನ್ನು ನಾನು ಗಟ್ಟಿಯಾಗಿ ಓದಿ ದಂಡೆಗೆ ಕೇಳಿಸಿದೆ. ಮೊದಲು ಚಪ್ಪಾಳೆ ತಟ್ಟಿದವಳು ಬೋರಮ್ಮ. ಆಮೇಲೆ ಇಡೀ ಊರು ತಟ್ಟಿತು. ನಮ್ಮ ವಿರುದ್ಧ ಬಿದ್ದ ಗೋಲಿಗೆ, ಅದನ್ನು ಹೊಡೆದ ಇಮ್ತಿಯಾಜ್‌ಗೆ, ನಮ್ಮ ಸೋಲಿಗೆ, ಕೈ ಕೆಂಪಾಗುವವರೆಗೆ ತಟ್ಟಿತು. ಇಮ್ತಿಯಾಜ್ ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಜೋಡಿಸಿ ನಿಂತುಬಿಟ್ಟ.

ಶ್ರೀಪತಿ ಕಡತ ಕಟ್ಟಿ ಎದ್ದರು. ಮುಂದಿನ ವರ್ಷ ನಿಮ್ಮನ್ನು ಬೇರೆ ಗುಂಪಿಗೆ ಹಾಕುವ ಬಗ್ಗೆ ಯೋಚನೆ ಮಾಡಬಹುದು, ಶನಿವಾರ ಕೊಡಿಸಲು ನೋಡುತ್ತೇನೆ ಎಂದರು. ಅದನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಚಲುವರಾಜ ಬೆಂಚಿನ ಮೇಲೆ ಕೂತು ಸ್ಕೇಟಿನ ಲೇಸು ಸಡಿಲಿಸುತ್ತಿದ್ದ. ತಲೆಯೆತ್ತದೆಯೇ ಹೇಳಿದ: "ಮುಂದಿನ ವರ್ಷದ್ದು ಆಮೇಲೆ ಸಾರ್. ಈ ವರ್ಷ ಇನ್ನೂ ಹನ್ನೊಂದು ಗುರುವಾರ ಇದೆ. ಹನ್ನೊಂದೂ ಇಲ್ಲೇ ಆಡ್ತೀವಿ. ಬರ್ಕೊಳ್ಳೋಕೆ ಯಾರ್ನಾದ್ರೂ ಕಳಿಸಿ."